ಹನ್ನೆರಡು ಹಲ್ಲಿನ ಲಾರಿ

ಬೇಸಿಗೆ ರಜಕ್ಕೆ ಬೆಂಗಳೂರಿಂದ ಪಣಕಹಳ್ಳಿಗೆ ಬಂದ ನಮ್ಮಳಿಯ ಒಂದು ಲಾರಿ ತಂದಿದ್ದ. ಉದ್ದ ಒಂದೂವರೆ ಅಡಿ. ಕೈಲಿ ರಿಮೋಟು, ಮುಖದಲ್ಲಿ ಸಾರಿಗೆ ಮಂತ್ರಿಯ ಗತ್ತು. "ಗುಡ್ಡಾನೂ ಹತ್ತುತ್ತೆ ಮಾವ" ಅಂದ. ಹತ್ತಲಿ ಅಂತ ಹೊಲದಿಂದ ಒಂದು ಕೋಸು ಕಿತ್ತು ಮೇಲಿಟ್ಟೆ. ತಾಳವಾಡಿ ಸೀಮೆಯ ಲಾರಿ ಖಾಲಿ ಓಡಿದರೆ ಮರ್ಯಾದೆಯೇ?

ದಿಬ್ಬದಲ್ಲಿ ಎರಡೇ ನಿಮಿಷ. ಸುಟ್ಟ ವಾರ್ನಿಷ್ ವಾಸನೆ. ಮೋಟಾರಿನ ಮೇಲೆ ತೊಟ್ಟು ನೀರು ಬಿಟ್ಟರೆ ದೋಸೆ ಹೆಂಚಿನ ಹಾಗೆ ಚುರ್ ಅಂತು.

"ಮೋಟಾರು ಚಿಕ್ಕದಾಯ್ತು ಮಾವ. 540 ತೆಗೆದು 550 ಹಾಕ್ಬೇಕು."

ಅಶ್ವಶಕ್ತಿ ಅಂದುಕೊಂಡು ಹೌಹಾರಿದೆ. ಬರೀ ಡಬ್ಬಿಯ ಅಳತೆಯಂತೆ! ದಪ್ಪ ಎರಡಕ್ಕೂ ಸುಮಾರು 36 ಮಿಲಿಮೀಟರು. 550 ಏಳೆಂಟು ಮಿಲಿಮೀಟರು ಉದ್ದ. ಡಬ್ಬಿ ದೊಡ್ಡದಾದರೆ ಬಿಸಿ ತಾಳೋ ತಾಕತ್ತು ಜಾಸ್ತಿ, ಒಪ್ಪಿದೆ. ಬೆಲೆಯೂ ಜಾಸ್ತಿ. ಅದನ್ನು ಕೊಡೋ ಮಾವ ಯಾರು ಅನ್ನೋದೂ ಅವನಲ್ಲಿ ತೀರ್ಮಾನವಾಗಿತ್ತು.

ನಾನು ದಿಂಬಂ ಘಾಟಿನ 27 ಹೇರ್‌ಪಿನ್ ತಿರುವಲ್ಲಿ ಲೋಡು ಏರಿಸಿದವನು. ಘಾಟಿನ ಬುಡದ ಬಣ್ಣಾರಿಯಿಂದ ಟಾಪ್ ಗೇರಲ್ಲೇ ಹೊರಟು, ಇಂಜಿನ್ ಕುದಿಸಿ, ಆಮೇಲೆ ಇಂಜಿನ್ ಸಣ್ಣದಾಯ್ತು ಅಂದಿದ್ದರೆ ಓನರು ಸುಮ್ಮನಿರುತ್ತಿದ್ದನೇ?

"ಗೇರಿಗೆ ಎಷ್ಟು ಹಲ್ಲದೆ ಎಣ್ಸು ಮೊದ್ಲು" ಅಂದೆ.

ಮೋಟಾರಿನ ಮೂತಿಯ ಪಿನಿಯನ್ನಿಗೆ 18, ಅದು ತಿರುಗಿಸೋ ದೊಡ್ಡ ಗೇರಿಗೆ 54. ಮೂರು ಸುತ್ತಿಗೆ ಒಂದು. ಅವನ ಬಿಡಿಭಾಗದ ಡಬ್ಬದ ಮೂಲೆಯಲ್ಲಿ 12 ಹಲ್ಲಿನ ಪಿನಿಯನ್ನೊಂದು ಬಿದ್ದಿತ್ತು. ಅದಾದರೆ ನಾಲ್ಕೂವರೆ ಸುತ್ತಿಗೆ ಒಂದು. ಅದೇ ದಿಬ್ಬ, ಅದೇ ಕೋಸು. ಎಳೆಯೋ ಕರೆಂಟು ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತೆ. ತಂತಿಯ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಹೋಗೋದರಿಂದ ಅದು ಒಂಬತ್ತರಲ್ಲಿ ನಾಲ್ಕು ಪಾಲು, ಅರ್ಧಕ್ಕೂ ಕಮ್ಮಿ. ಈ ಲೆಕ್ಕ ಹಾಕಿದವನು ಅಳಿಯನೇ. ಇಂಜಿನಿಯರಿಂಗ್ ಎರಡನೇ ವರ್ಷ. ಗೊತ್ತಿದ್ದೂ 18 ಯಾಕೆ ಹಾಕಿದೆಯೋ ಅಂದರೆ, "ಸ್ಪೀಡು ಮಾವ!"

ಎಲ್ಲಿಯ ಸ್ಪೀಡು? ಹಾಸನೂರು ದಾರಿಯಲ್ಲಿ ಆನೆ ಅಡ್ಡ ನಿಂತು ಕಬ್ಬು ಕೇಳಿದರೆ ಎಂಥ ದೊಡ್ಡ ಲಾರಿಯೂ ನಿಂತು ಕಪ್ಪ ಕೊಟ್ಟೇ ಹೋಗಬೇಕು.

ಮೋಟಾರು ಆರಿದ ಮೇಲೆ ಪಿನಿಯನ್ ಬದಲಾಯಿಸಿದ. ಎರಡು ಗೇರಿನ ಹಲ್ಲಿನ ನಡುವೆ ಕಾಗದದ ಚೂರು ಸಿಕ್ಕಿಸಿ, ಮೋಟಾರು ಒತ್ತಿ ಹಿಡಿದು ಸ್ಕ್ರೂ ಬಿಗಿದ. ಕಾಗದ ಎಳೆದರೆ ಬೇಕಾದಷ್ಟೇ ಸಂದು. ಆ ಕೈಚಳಕ ಮೆಚ್ಚಿದೆ, ಬಾಯಿಬಿಟ್ಟು ಹೇಳಲಿಲ್ಲ.

ಸಂಜೆ ಲಾರಿ ಆಮೆಯ ಹಾಗೆ ದಿಬ್ಬ ಹತ್ತಿತು. ಮೋಟಾರು ಮುಟ್ಟಿದೆ: ಕಾಫಿ ಲೋಟದಷ್ಟು ಬಿಸಿ. ಕೋಸು ಪಲ್ಯಕ್ಕೆ ಹೋಯಿತು. 550ಕ್ಕೆಂದು ಅಕ್ಕ ಕಳಿಸಿದ ದುಡ್ಡು ನನ್ನ ಜೇಬಲ್ಲೇ ಇದೆ, ನೀವು ಹೇಳಬೇಡಿ.