ನಾನು ಮಾಡಿದ ‘ಫೋನ್ ಟ್ಯಾಪಿಂಗ್’

ಚರಂಡಿ ಕಾಮಗಾರಿಯ ಗುತ್ತಿಗೆದಾರರೊಬ್ಬರು ಫೋನಿನಲ್ಲಿ ಮೈಮರೆತು, ‘ಸಿಮೆಂಟು ಹಾಕಿರೋದು ಬಿಲ್ಲಲ್ಲಿ ಮಾತ್ರ ಬಿಡಿ’ ಎಂದುಬಿಟ್ಟರು. ನನ್ನ ಹೆಬ್ಬೆರಳು ಆಗಲೇ ರೆಕಾರ್ಡ್ ಗುಂಡಿ ಒತ್ತಿತ್ತು. ಫೋನ್ ಇಟ್ಟ ಮೇಲೆ ಖುಷಿಗಿಂತ ಮೊದಲು ಬೆವರು ಬಂತು. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದೇ ಫೋನ್ ಕದ್ದಾಲಿಕೆಯ ಗಲಾಟೆಯಲ್ಲಿ. ಅಂಥವರಿಗೇ ಹಾಗಾದರೆ, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಯ ಜಿಲ್ಲಾ ವರದಿಗಾರನ ಗತಿ?

ಯಾರನ್ನಾದರೂ ಕೇಳೋಣವೆಂದರೆ, ಕೇಳಿದ್ದೇ ನನ್ನ ವಿರುದ್ಧ ಸಾಕ್ಷಿಯಾದೀತೆಂಬ ಭಯ. ಫೈಲಿಗೆ ‘ಅಮ್ಮನ ಬಿ.ಪಿ. ರಿಪೋರ್ಟ್’ ಎಂದು ಹೆಸರಿಟ್ಟು ಅಡಗಿಸಿದೆ. ಸುದ್ದಿ ಮುಖಪುಟದಲ್ಲಿ ಬಂತು. ಅದರ ಬೆನ್ನಿಗೇ ಮಾನನಷ್ಟದ ನೋಟಿಸೂ ಬಂತು: ನಮ್ಮ ಕಕ್ಷಿದಾರರು ಹಾಗೆ ಹೇಳಿಯೇ ಇಲ್ಲ.

ವಕೀಲರ ಮುಂದೆ ಕೂತು, ದನಿ ತಗ್ಗಿಸಿ, ‘ಸಾರ್, ನಾನು ಟ್ಯಾಪಿಂಗ್ ಮಾಡಿದೀನಿ’ ಎಂದೆ. ಅವರು ನಕ್ಕ ಅಬ್ಬರಕ್ಕೆ ಗುಮಾಸ್ತರು ಇಣುಕಿ ನೋಡಿದರು.

‘ಬೇರೆಯವರಿಬ್ಬರ ಮಾತಿಗೆ ಕಿವಿಯಿಟ್ಟರೆ ಅದು ಕದ್ದಾಲಿಕೆ ಕಣ್ರೀ. ಇಲ್ಲಿ ಮಾತಾಡಿದವರಲ್ಲಿ ನೀವೂ ಒಬ್ಬರು.’ ಮುಂಬೈನ ಕೊರೋನರ್ (ಅಸಹಜ ಸಾವುಗಳ ವಿಚಾರಣಾಧಿಕಾರಿ) ಮಲ್ಕಾನಿ ಎಂಬವರು ವೈದ್ಯರೊಬ್ಬರ ಜೊತೆ ಫೋನಿನಲ್ಲಿ ಲಂಚದ ವಿಷಯ ಮಾತಾಡಿದ್ದನ್ನು, ಆ ವೈದ್ಯರ ಒಪ್ಪಿಗೆಯಿಂದ ಪೊಲೀಸರು ರೆಕಾರ್ಡ್ ಮಾಡಿದ್ದರಂತೆ. 1972ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಸಾಕ್ಷ್ಯವೆಂದು ಒಪ್ಪಿದೆ. ನಾನು ಹುಟ್ಟುವ ಮೊದಲೇ ನನಗೆ ಜಾಮೀನು ಸಿಕ್ಕಂತಾಯಿತು!

‘ಹಾಗಂತ ಸಿಕ್ಕವರನ್ನೆಲ್ಲ ರೆಕಾರ್ಡ್ ಮಾಡ್ತಾ ಕೂರಬೇಡಿ’ ಎಂದರು. ಸುಪ್ರೀಂ ಕೋರ್ಟಿನ 2017ರ ತೀರ್ಪಿನ ಮೇಲೆ ಖಾಸಗಿತನ ಮೂಲಭೂತ ಹಕ್ಕು. ಎದುರಿನವರಿಗೆ ತಿಳಿಸದೆ ರೆಕಾರ್ಡ್ ಮಾಡಬಾರದು, ಮೊಕದ್ದಮೆಯಲ್ಲಿ ನಮ್ಮ ರಕ್ಷಣೆಗೋ ಬೇರೆ ಬಲವಾದ ಕಾರಣಕ್ಕೋ ಆದರೆ ಮಾತ್ರ ಸರಿ ಎನ್ನುತ್ತದೆ ಪ್ರೆಸ್ ಕೌನ್ಸಿಲ್‌ನ ನೀತಿಸಂಹಿತೆ. ಅದರ ಪ್ರತಿ ನಮ್ಮ ಕಚೇರಿಯಲ್ಲೂ ಇತ್ತು. ಅಲುಗಾಡುವ ಮೇಜಿನ ಕಾಲಡಿ.

‘ನಿಮ್ಮ ಕಾರಣ ಬಲವಾಗಿಯೇ ಇದೆ. ಎಲ್ಲಿ, ಫೋನ್ ಕೊಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಮಾಡಿಸಬೇಕು. ಫೈಲು ತಿದ್ದಿಲ್ಲ ಅಂತ ತೋರಿಸೋ ಹ್ಯಾಶ್ ವ್ಯಾಲ್ಯೂ ಬೇಕು.’

ಮಿರಮಿರ ಮಿಂಚುವ ಹೊಸ ಫೋನ್ ಮೇಜಿನ ಮೇಲಿಟ್ಟೆ. ಹಳೆಯದನ್ನು ದಸರಾ ಎಕ್ಸ್‌ಚೇಂಜ್ ಆಫರಿನಲ್ಲಿ ಅಳಿಸಿ ತೊಳೆದು ಕೊಟ್ಟಾಗಿತ್ತು. ಭಯವೇನಿಲ್ಲ, ಬಿ.ಪಿ. ಫೈಲನ್ನು ಮಾತ್ರ ಜೋಪಾನವಾಗಿ ಇದಕ್ಕೆ ದಾಟಿಸಿಕೊಂಡಿದ್ದೆ. ಹುಡುಕಿ ತೆರೆದೆ.

128/82.

ಅದೇ ಹೆಸರಿನ ಅಸಲಿ ರಿಪೋರ್ಟೂ ಒಂದಿತ್ತೆಂಬುದು ಆಗ ನೆನಪಾಯಿತು. ವಕೀಲರು ಕನ್ನಡಕ ಏರಿಸಿ ಓದಿ, ‘ಅಮ್ಮನವರಿಗೆ ಚಿಂತೆಯಿಲ್ಲ. ನಿಮ್ಮದನ್ನ ಒಂದ್ಸಲ ತೋರಿಸ್ಕೊಳ್ಳಿ’ ಎಂದರು.

ವಿಷಾದ ಪ್ರಕಟಣೆ ಆ ವಾರವೇ ಐದನೇ ಪುಟದಲ್ಲಿ ಬಂತು. ಬರೆದವನೂ ನಾನೇ.