ಶಹಾಡಿನ ವಲಲ

ವಿರಾಟನ ಅಡುಗೆಮನೆಯಲ್ಲಿ ವಲಲನೆಂಬ ಹೆಸರಿಟ್ಟುಕೊಂಡಿದ್ದ ಭೀಮ ಹಗಲು ಸೌಟು ಹಿಡಿದ, ರಾತ್ರಿ ಕೀಚಕನನ್ನು ಮುಗಿಸಿದ. ನಮ್ಮ ಶಹಾಡಿನ ವಲಲನದು ತಿರುಗಾಮುರುಗಾ. ರಾತ್ರಿಯೆಲ್ಲ ಪರದೆಯ ಮೇಲೆ ಡ್ರ್ಯಾಗನ್ನು, ದೆವ್ವಗಳನ್ನು ಕೊಂದು ದಣಿದು, ಭಾನುವಾರ ಹನ್ನೊಂದಕ್ಕೆ ಎದ್ದು ಅಡುಗೆಮನೆಗೆ ನುಗ್ಗುತ್ತಾನೆ. ಕೀಚಕನ ಗತಿ ಅಂದು ಕೋಳಿಗೆ.

ಈತನನ್ನು ನೀವು ಬಲ್ಲಿರಿ, ಹೆಸರು ಬೇಕಿಲ್ಲ. ವಯಸ್ಸು ನಲವತ್ತರ ಆಸುಪಾಸು. ಕೆಲಸ ಐರೋಲಿಯ ಸಾಫ್ಟ್‌ವೇರ್ ಕಂಪನಿಯಲ್ಲಿ. ಬೆಳಗಿನ ಲೋಕಲ್‌ನಲ್ಲಿ ಠಾಣೆಯವರೆಗೆ ಒಂಟಿಕಾಲಲ್ಲಿ ನಿಂತು, ಅಲ್ಲಿ ಟ್ರಾನ್ಸ್‌ಹಾರ್ಬರ್ ಗಾಡಿಗೆ ಬದಲಾಯಿಸುವ ಜೀವ. ಮನೆಯಲ್ಲಿ ಉಡುಪಿ ಕಡೆಯ ಅಮ್ಮ, ಮಂಡ್ಯದ ಹೆಂಡತಿ, ಕನ್ನಡಕ್ಕಿಂತ ಮರಾಠಿಯನ್ನೇ ಚೆನ್ನಾಗಿ ಮಾತಾಡುವ ಮಗ. ಉಂಡ ತಟ್ಟೆ ತಾನೇ ಎತ್ತಿಟ್ಟ ದಾಖಲೆ ಈತನ ಹೆಸರಲ್ಲಿಲ್ಲ. ಆದರೆ ಆಟದೊಳಗೆ ಮಹಾ ಬಾಣಸಿಗ.

2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಮಾಯಾಲೋಕಕ್ಕೆ ಕಾಲೇಜು ದಿನಗಳಲ್ಲಿ ಹೊಕ್ಕವನು ಈತ. ಹೊರಗೆ ಬಂದದ್ದು ಮದುವೆ ಮಂಟಪಕ್ಕೆ ಮಾತ್ರ, ಅದೂ ಅಲ್ಪಾವಧಿಗೆ. ಅಲ್ಲಿ ಕತ್ತಿವರಸೆಯಂತೆ ಅಡುಗೆಯೂ ಒಂದು ವಿದ್ಯೆ. ಹೊಸ ತಿನಿಸು ಕಿತ್ತಳೆ ಬಣ್ಣದಲ್ಲಿ ಕಾಣುತ್ತದೆ. ಕೈ ಪಳಗುತ್ತ ಹೋದಂತೆ ಹಳದಿ, ಹಸಿರು, ಕಡೆಗೆ ಬೂದು. ಬೂದು ಬಂತೆಂದರೆ ಅದರಿಂದ ಕಲಿಯುವುದು ಇನ್ನೇನೂ ಇಲ್ಲ. ಈ ಬಣ್ಣಗಳನ್ನು ಆತ ಮನೆಗೂ ತಂದ. ಅಮ್ಮನ ಕೋಳಿ ಸುಕ್ಕ ಬೂದು, ಹೆಂಡತಿಯ ಬಸ್ಸಾರು ಬೂದು. “ಬೂದು ಅಂದ್ಕೊಂಡೇ ಮೂರು ಸಲ ಬಡಿಸ್ಕೊಂಡ್ರಲ್ಲ” ಎಂದಳು ಹೆಂಡತಿ.

ಆ ಆಟದ ಆರಂಭದ ತಿನಿಸುಗಳಲ್ಲಿ ಒಂದು ಗರಿಗರಿ ಬಾವಲಿ ರೆಕ್ಕೆ. 2016ರಲ್ಲಿ ಚೆಲ್ಸೀ ಮನ್ರೋ-ಕ್ಯಾಸೆಲ್ ಎಂಬಾಕೆ ಆಟದ ಅಧಿಕೃತ ಪಾಕಪುಸ್ತಕವನ್ನೇ ಬರೆದರು. ಅದನ್ನು ತರಿಸಿಕೊಂಡ ದಿನದಿಂದ ವಲಲನಿಗೆ ರೆಕ್ಕೆಯದೇ ಧ್ಯಾನ. ಬಾವಲಿ ಬೇಡ, ಕೋಳಿ ಸಾಕು ಎಂಬಷ್ಟು ಲೋಕಜ್ಞಾನ ಪುಣ್ಯಕ್ಕೆ ಇತ್ತು.

ಮುಹೂರ್ತದ ವಿಷಯದಲ್ಲಿ ಜಗಳವಾಯಿತು. ಈತ ಆಡುವ ಇನ್ನೊಂದು ಆಟ ‘ಜೆಲ್ಡಾ’ದಲ್ಲಿ ಕೆಂಪು ಚಂದ್ರನ ರಾತ್ರಿ ಬೇಯಿಸಿದ ಅಡುಗೆಗೆ ಹೆಚ್ಚಿನ ಶಕ್ತಿ. ಶಹಾಡಿನ ಮಳೆಗಾಲದಲ್ಲಿ ಯಾವ ಬಣ್ಣದ ಚಂದ್ರನೂ ಕಾಣುವುದಿಲ್ಲವಾದ್ದರಿಂದ ಆಷಾಢದ ಅಮಾವಾಸ್ಯೆಯೇ ಆಗಲಿ ಎಂದ. ಹೇಗೂ ಮಹಾರಾಷ್ಟ್ರಕ್ಕೆಲ್ಲ ಅಂದು ಗಟಾರಿ. ಶ್ರಾವಣ ಹಿಡಿಯುವ ಮೊದಲು ಕೋಳಿ, ಕುರಿ, ಬಾಟಲಿಗಳ ಲೆಕ್ಕ ಚುಕ್ತಾ ಮಾಡುವ ದಿನ. ಆದರೆ ಅಮ್ಮನಿಗೆ ಅದು ಆಟಿ ಅಮಾವಾಸ್ಯೆ: ಬರಿಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ, ಮೇಲೆ ಮೆಂತೆ ಗಂಜಿ. ಹೆಂಡತಿಗೆ ಭೀಮನ ಅಮಾವಾಸ್ಯೆ: ಗಂಡನ ಪಾದಪೂಜೆ. “ಪೂಜೆ ದಿನ ಕೋಳಿ ಗೀಳಿ ಅಂದ್ರೆ ಪಾದ ತೊಳ್ಯೋ ಚೊಂಬು ಬೇರೆ ಕೆಲ್ಸಕ್ಕೆ ಬರ್ತದೆ” ಎಂದಳು. ರಾಜಿಯಾಗಿ ಹಿಂದಿನ ಭಾನುವಾರ ನಿಗದಿಯಾಯಿತು.

ಪಕ್ಕದ ಉಲ್ಲಾಸನಗರದಿಂದ ದಪ್ಪ ತಳದ ಬಾಣಲೆ ಬಂತು. ಎಣ್ಣೆಗೊಂದು, ಮಾಂಸಕ್ಕೊಂದು ಥರ್ಮಾಮೀಟರ್ ಬಂದವು. ಮಗನಿಗೆ ಜ್ವರ ಬಂದಾಗ ಹುಡುಕಿದರೆ ಸಿಗದ ಮನೆಯಲ್ಲಿ ಈಗ ಕೋಳಿಗೆ ಎರಡು. ಶನಿವಾರ ರಾತ್ರಿ ಮನೆಯ ಮಜ್ಜಿಗೆಯೆಲ್ಲ ಕೋಳಿಯ ಪಾಲಾಯಿತು. ಹುಳಿಯಲ್ಲಿ ನೆನೆದರೆ ಮಾಂಸ ಮೆತ್ತಗಾಗುತ್ತದೆ ಎಂಬುದು ನಿಜವೇ. ಊಟದ ಕೊನೆಗೆ ಮಜ್ಜಿಗೆಯಿಲ್ಲದೆ ಅಮ್ಮ ಗಟ್ಟಿಯಾದರು.

ಭಾನುವಾರ ಮನೆಯವರೆಲ್ಲ ಆಟಗಾರರಾದರು. ಇಂಥ ಆಟಗಳಲ್ಲಿ ಪೆಟ್ಟು ತಿನ್ನಲು ಮುಂದೆ ನಿಲ್ಲುವವ ‘ಟ್ಯಾಂಕ್’, ಗಾಯ ಮಾಯಿಸುವವ ‘ಹೀಲರ್’. ಸಿಡಿಯುವ ಎಣ್ಣೆಯೆದುರು ಜಾಲರಿ ಹಿಡಿದು ನಿಂತ ಹೆಂಡತಿ ಟ್ಯಾಂಕ್. ಬರ್ನಾಲ್ ಹಿಡಿದು ಕುರ್ಚಿಯಲ್ಲಿ ಕೂತ ಅಮ್ಮ ಹೀಲರ್. ಈರುಳ್ಳಿ ಸುಲಿದದ್ದು, ಮೈದಾ ಜರಡಿ ಹಿಡಿದದ್ದು, ಮೆಣಸಿನಪುಡಿಗೆ ಕೆಳಗಿನ ಅಂಗಡಿಗೆ ಓಡಿದ್ದು ಮಗ. ವಲಲ ಮಾತ್ರ ನಾಯಕ: 175 ಡಿಗ್ರಿಗೆ ಕಾಯುತ್ತಿದ್ದ. ಎಣ್ಣೆ ಅಷ್ಟಕ್ಕೆ ಬಂದಾಗ ಫೋಟೊ ತೆಗೆದ. ತೆಗೆಯುವಷ್ಟರಲ್ಲಿ 200 ದಾಟಿತು. ಮೊದಲ ಸರದಿ ಹೊರಗೆ ಇದ್ದಿಲು, ಒಳಗೆ ಹಸಿ. ಜೆಲ್ಡಾದಲ್ಲಿ ಅಡುಗೆ ಕೆಟ್ಟರೆ ಅದನ್ನು ಕಣ್ಣಿಗೆ ಕಾಣದಂತೆ ಮಸುಕು ಮಾಡಿ ತೋರಿಸುತ್ತಾರಂತೆ. ಶಹಾಡಿನಲ್ಲಿ ಆ ಸೌಲಭ್ಯವಿಲ್ಲ.

ನನ್ನ ತಕರಾರು ಆ ಆಟದವರ ಮೇಲೇ. ಅಲ್ಲಿ ಐದು ಸಾಮಾನು ಪಾತ್ರೆಗೆ ಎಸೆದರೆ ಸಾಕು. ಅವು ಕುಣಿಯುತ್ತವೆ, ಒಂದು ರಾಗ ನುಡಿಯುತ್ತದೆ, ಕ್ಷಣದಲ್ಲಿ ಊಟ ಸಿದ್ಧ. ಬೆಟ್ಟ, ಕಣಿವೆ, ಕೋಟೆ, ಜ್ವಾಲಾಮುಖಿ ಎಲ್ಲ ಕಟ್ಟಿದ ಜಪಾನಿನವರು ಆ ಒಲೆಯ ಪಕ್ಕ ಒಂದು ಸಿಂಕ್ ಕಟ್ಟಲಿಲ್ಲ. ಕಟ್ಟಿದ್ದರೆ ಭೂಮಂಡಲದ ಎಷ್ಟೋ ಗಂಡಸರು ಸುಧಾರಿಸುತ್ತಿದ್ದರು.

ಎರಡನೇ ಸರದಿ ಬೆಂದಿತು. ಎಲುಬಿನ ಬಳಿ 74 ಡಿಗ್ರಿ ತೋರಿಸಿದಾಗ ಗಡಿಯಾರ ಮೂರೂಮುಕ್ಕಾಲು. ಮಾರಿ ಬಿಸ್ಕತ್ತಿನ ಪೊಟ್ಟಣ ಆಗಲೇ ಖಾಲಿ. “ಬಾವಲಿಯ ರೆಕ್ಕೆಗಳು!” ಎಂದು ತಟ್ಟೆ ಇಟ್ಟ. ಅಮ್ಮ ಒಂದು ಕಚ್ಚಿ, “ಇದು ಕಬಾಬ್ ಅಲ್ವಾ ಮಾರಾಯ?” ಎಂದರು. ಹೆಂಡತಿ, “ನಮ್ಮೂರ ಮಿಲ್ಟ್ರಿ ಹೋಟ್ಲಲ್ಲಿ ಇದ್ಕೆ ಕರಿಬೇವು ಹಾಕ್ತಾರೆ” ಎಂದಳು. ವಾಸನೆ ಹಿಡಿದು ಬಂದ ಮೇಲ್ಮನೆಯ ಕಾಕು, “ಹೇ ತರ್ ಲಾಲಿಪಾಪ್!” ಎಂದು ಎರಡು ಎತ್ತಿಕೊಂಡು ಹೋದರು. ವಲಲನ ಮುಖ ಬೂದು ಬಣ್ಣಕ್ಕಿಳಿಯಿತು.

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. 1995ರಲ್ಲಿ ಕೆಎಫ್‌ಸಿ ಭಾರತದ ತನ್ನ ಮೊದಲ ಅಂಗಡಿ ತೆರೆದದ್ದು ಬೆಂಗಳೂರಿನಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಅದರ ವಿರುದ್ಧ ಬೀದಿಗಿಳಿಯಿತು, 1996ರ ಜನವರಿಯಲ್ಲಿ ಅಂಗಡಿಯ ಮೇಲೆ ದಾಳಿಯೂ ಆಯಿತು. ರೈತರ ಕಾರಣಗಳು ಬೇರೆ, ದೊಡ್ಡವು. ಕೆಂಪು ಮಸಾಲೆ, ಕಾರ್ನ್‌ಫ್ಲೋರ್ ಹಚ್ಚಿ ಕೋಳಿ ಕರಿಯುವುದನ್ನು ಕಲಿಸಲು ಕರ್ನಾಟಕಕ್ಕೆ ಅಮೆರಿಕದ ಕರ್ನಲ್ ಬೇಕಿರಲಿಲ್ಲ, ವಾರ್‌ಕ್ರಾಫ್ಟೂ ಬೇಕಿಲ್ಲ, ಅಷ್ಟೇ. ಆದರೆ ಇದನ್ನು ವಲಲನಿಗೆ ಹೇಳಬಾರದು. ಕಬಾಬ್ ಮಾಡೋಣ ಎಂದಿದ್ದರೆ ಆತ ಮಂಚದಿಂದ ಏಳುತ್ತಲೇ ಇರಲಿಲ್ಲ. ರುಚಿಯಾಗಿತ್ತು ಎಂಬುದನ್ನೂ ನ್ಯಾಯವಾಗಿ ಬರೆದಿಡಬೇಕು.

ಪಾತ್ರೆಗಳನ್ನು ಯಾರು ತೊಳೆದರೆಂದು ಕೇಳಬೇಡಿ. ನಾಯಕ ಆಗಲೇ ಮಲಗಿದ್ದ, ರಾತ್ರಿ ಡ್ರ್ಯಾಗನ್ ಕಾದಿತ್ತು.

ಶ್ರಾವಣ ಕಳೆದು ಗಣಪತಿಯನ್ನು ನೀರಿಗೆ ಬಿಟ್ಟ ಮೇಲೆ ಮತ್ತೆ ಬಾಣಲೆ ಒಲೆಗೇರುತ್ತದೆ, ನಿಮಗೂ ಕರೆ ಬರಬಹುದು. ಕಲ್ಯಾಣ ದಾಟಿದರೆ ಕಸಾರಾ ದಾರಿಯ ಮೊದಲ ನಿಲ್ದಾಣವೇ ಶಹಾಡ್, ಸಂಕೋಚಪಡದೆ ಬನ್ನಿ. ಒಂದು ಗಂಟೆಗೆ ಊಟ ಎಂದು ಹೇಳಿರುತ್ತಾನೆ. ನೀವು ಮನೆಯಲ್ಲೇ ಉಂಡು ಹೊರಡಿ.