ನರಿಕೊಂಬಿನ ನಿಂಜಾ

ಜಪಾನಿನ ಅನಿಮೇಷನ್ ಸರಣಿಗಳ ಹುಚ್ಚು ಹಿಡಿದ ಅನಿಮೆ ಹುಡುಗ ದಕ್ಷಿಣ ಕನ್ನಡದ ಯಾವ ಊರಿನಲ್ಲೂ ಸಿಗುತ್ತಾನೆ. ನೇತ್ರಾವತಿ ದಂಡೆಯ ನರಿಕೊಂಬಿನಲ್ಲಿ ಅವನನ್ನು ಗುರುತಿಸುವುದು ಇನ್ನೂ ಸುಲಭ. ಎಪ್ರಿಲ್ ಸೆಕೆಗೆ ಊರೆಲ್ಲ ಅಂಗಿ ಕಳಚಿಟ್ಟು ಕೂತಿರುವಾಗ, ಕೆಂಪು ಮೋಡಗಳಿರುವ ಕಪ್ಪು ನಿಲುವಂಗಿ ತೊಟ್ಟು ಬಿ.ಸಿ.ರೋಡಿನ ಬಸ್ಸಿಗೆ ಕಾಯುವವನೇ ಅವನು. ಆ ಮೋಡ ‘ನರುಟೊ’ ಎಂಬ ನಿಂಜಾ ಹುಡುಗನ ಸರಣಿಯಲ್ಲಿ ಬರುವ ಅಕಾಟ್ಸುಕಿ ಎಂಬ ಕೂಟದ ಲಾಂಛನ. ಬೆವರು ಮಾತ್ರ ಸ್ವಂತದ್ದು. ತೋಟದಲ್ಲಿ ಅಪ್ಪನ ತಲೆಗೆ ಹಾಳೆಯ ಮುಟ್ಟಾಳೆ, ಮಗನ ಹಣೆಗೆ ನಿಂಜಾಗಳ ತಗಡಿನ ಪಟ್ಟಿ. ನರುಟೊನಂತೆ ಎರಡೂ ಕೈ ಹಿಂದಕ್ಕೆ ಚಾಚಿ ಓಡುವ ಪದ್ಧತಿ ಅಡಿಕೆ ತೋಟದ ಕಣಿಗಳಿಗೆ ಹೇಳಿದ್ದಲ್ಲ ಎಂಬುದು ಏಳನೇ ಕ್ಲಾಸಿನ ಹೊತ್ತಿಗೇ ಅವನ ಮೊಣಕಾಲಿಗೆ ತಿಳಿದಿರುತ್ತದೆ.

ಈ ಪಂಗಡ ಹುಟ್ಟಿದ್ದು ಟಿವಿಯ ಮುಂದೆ. ಹಿರಿಯ ತಲೆಮಾರಿನವರು ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಪೋಕೆಮಾನ್, ಡ್ರ್ಯಾಗನ್ ಬಾಲ್ ಜೆಡ್ ನೋಡಿದವರು. ಅವರ ತಮ್ಮಂದಿರು ಹಂಗಾಮಾದಲ್ಲಿ ಡೋರೆಮಾನ್ ನೋಡಿದವರು. ಎಲ್ಲವೂ ಹಿಂದಿಯಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಹೀಗಾಗಿ ಹಿಂದಿಯ ಮೊದಲ ಗುರು ಡೋರೆಮಾನ್‌ನ ಅಳುಬುರುಕ ಹುಡುಗ ನೊಬಿತಾ. ಹಿಂದಿಯಲ್ಲಿ ಅಂಕವೇನೋ ಬಂತು, ಆದರೆ ಹಿಂದಿ ಮಾಷ್ಟ್ರ ಮುಂದೆ ಬಾಯಿ ತೆರೆದರೆ ಪ್ರತಿ ವಾಕ್ಯವೂ ಅಳುವ ಧಾಟಿಯಲ್ಲೇ ಹೊರಡುತ್ತಿತ್ತು. 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಪಾಠಕ್ಕೆಂದು ಕೈಗೆ ಬಂದ ಮೊಬೈಲು ಉಳಿದ ಕೆಲಸ ಮುಗಿಸಿತು. ‘ನರುಟೊ’ ಮತ್ತು ಅದರ ಮುಂದುವರಿಕೆ ‘ಶಿಪ್ಪುಡೆನ್’ ಸೇರಿದರೆ 720 ಕಂತು. 1999ರಲ್ಲಿ ಶುರುವಾದ ‘ಒನ್ ಪೀಸ್’ ಸಾವಿರ ಕಂತು ದಾಟಿಯೂ ಮುಗಿದಿಲ್ಲ. ಪಿಯುಸಿ ಪಾಠಗಳು ಇಷ್ಟಿಲ್ಲದಿದ್ದರೂ ಅವು ಮುಗಿದದ್ದನ್ನು ಯಾರೂ ಕಂಡಿಲ್ಲ.

ಕಲಿತದ್ದು ಹಿಂದಿ ಡಬ್ಬಿಂಗಿನಿಂದಲೇ ಆದರೂ ಡಬ್ಬಿಂಗ್ ಕಂಡರೆ ಅವನಿಗೆ ಆಗದು. ಜಪಾನೀ ಧ್ವನಿ, ಇಂಗ್ಲಿಷ್ ಸಬ್‌ಟೈಟಲ್: ಇದು ಮಡಿ. ಉಳಿದದ್ದೆಲ್ಲ ಮೈಲಿಗೆ. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಭಾರತಕ್ಕೆ ಬಂದಾಗ ಜಪಾನೀ ಜೊತೆಗೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಇದ್ದವು, ಕನ್ನಡ ಇರಲಿಲ್ಲ. ಕನ್ನಡದಲ್ಲಿ ದಶಕಗಳ ಕಾಲ ನಡೆದ ಡಬ್ಬಿಂಗ್ ವಿರೋಧ 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಸಡಿಲಗೊಂಡಿದ್ದರೂ ಈ ಗಿರಾಕಿಯ ತನಕ ಅದು ತಲುಪಿಲ್ಲ. ಕನ್ನಡಕ್ಕೆ ಅನ್ಯಾಯವಾಯಿತೆಂದು ಅವನು ಮಂಗಳೂರಿನ ಬಸ್ಸಿನುದ್ದಕ್ಕೂ ಕೂಗಾಡಿದ. ಇಳಿದವನೇ ಜಪಾನೀ ಆಟಕ್ಕೆ ಟಿಕೆಟ್ ತೆಗೆದ. ಕನ್ನಡದಲ್ಲಿ ಇರಬೇಕು, ಆದರೆ ಅದನ್ನು ಬೇರೆಯವರು ನೋಡಬೇಕು.

ಅಮ್ಮನಿಗೆ ಇದೆಲ್ಲ ‘ಆ ಕಾರ್ಟೂನು’. ಆ ಮಾತಿಗೆ ಅವನು ಎರಡು ದಿನ ಮುನಿಸಿಕೊಳ್ಳುತ್ತಾನೆ. ಮನೆಯಲ್ಲಿ ಅವನನ್ನು ಅರ್ಥಮಾಡಿಕೊಂಡವರು ಅಜ್ಜ ಒಬ್ಬರೇ, ಅದೂ ಯಕ್ಷಗಾನದ ದಯೆಯಿಂದ. ‘ಡ್ರ್ಯಾಗನ್ ಬಾಲ್’ನಲ್ಲಿ ಫ್ರೀಜಾ ಎಂಬ ಖಳ ಇನ್ನೈದು ನಿಮಿಷಕ್ಕೆ ಗ್ರಹವೇ ಸಿಡಿಯುತ್ತದೆ ಎನ್ನುತ್ತಾನೆ, ಆ ಐದು ನಿಮಿಷ ಹಲವು ಕಂತು ಹಿಡಿಯುತ್ತದೆ. ಬೇರೆ ಊರಿನವರಿಗೆ ಇದು ತಲೆನೋವು. ರಾತ್ರಿಯಿಡೀ ‘ದೇವಿ ಮಹಾತ್ಮೆ’ ನೋಡಿ ಬೆಳೆದ ತಾಲೂಕಿಗೆ ಇದು ತವರಿನ ಕ್ರಮ: ಒಡ್ಡೋಲಗ, ಅಬ್ಬರ, ಇಬ್ಬರ ಪ್ರತಾಪದ ಮಾತು, ಆಮೇಲೆ ಯುದ್ಧ.

“ಎಂತ ಮಾರಾಯ, ಇವ ಇನ್ನೂ ಸಾಯಲಿಲ್ವಾ?” ಎನ್ನುತ್ತಾರೆ ಅಜ್ಜ, ಮೊಬೈಲಿಗೆ ಕತ್ತು ಚಾಚಿ.

“ಸತ್ತಿದ್ದ ಅಜ್ಜ, ಪುನಃ ಬಂದ.”

“ಹಾಗಾದ್ರೆ ರಕ್ತಬೀಜನ ಪೈಕಿ. ಬೆಳಗಾಗದೆ ಮುಗಿಯುದಿಲ್ಲ, ನೀನು ಮಲಕ್ಕೊ.”

ಅಜ್ಜನಿಗೆ ಬೆಳಗಾಗುವ ಮೊದಲೇ ಮುಗಿಯುವ ಕಾಲಮಿತಿ ಯಕ್ಷಗಾನ ಆಟವೇ ಅಲ್ಲ. ಮೊಮ್ಮಗನಿಗೆ ಡಬ್ಬಿಂಗ್ ಅನಿಮೆ ಅನಿಮೆಯೇ ಅಲ್ಲ. ಈ ವಿಷಯ ಬಂದರೆ ಅಂಗಳದಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬೇರೆ ಬೇರೆ ಜನರನ್ನು ಬೈಯುತ್ತಾರೆ.

ಆಹಾರಪದ್ಧತಿಯ ಬಗ್ಗೆ ಹೇಳುವುದು ಕಡಿಮೆ. ನರುಟೊ ರಾಮೆನ್ ತಿನ್ನುವವನಾದ್ದರಿಂದ ಇಲ್ಲಿ ಮ್ಯಾಗಿಗೆ ನೀರು ಜಾಸ್ತಿ ಹಾಕಿ, ಬೇಯಿಸಿದ ಮೊಟ್ಟೆ ಸೀಳಿ ಇಡಲಾಗುತ್ತದೆ. ಎತ್ತಿ ತಿನ್ನಲು ಹೊಸ ಹಿಡಿಸೂಡಿಯಿಂದ ಎಳೆದ ಎರಡು ಕಡ್ಡಿ. ತೆಂಗಿನ ಕಡ್ಡಿ ಬಾಗುತ್ತದೆ, ಮ್ಯಾಗಿ ಜಾರುತ್ತದೆ, ಮೊಟ್ಟೆ ಮೇಜಿನಡಿಗೆ ಉರುಳಿ ಬೆಕ್ಕಿನ ಪಾಲಾಗುತ್ತದೆ. ಮೂರನೇ ತುತ್ತಿಗೆ ಕೈಯೇ ಗತಿ. ಮುಗಿದ ಮೇಲೆ “ಅರಿಗಾತೋ” ಎಂದು ಜಪಾನಿಯಲ್ಲಿ ಧನ್ಯವಾದ ಹೇಳಿದರೆ ಅಮ್ಮ ಹಿಡಿಸೂಡಿಯ ಲೆಕ್ಕ ಕೇಳುತ್ತಾರೆ.

ಇಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರಿದ ಮೇಲೆ ಅವನ ಬಾಳು ಕವಲೊಡೆಯುತ್ತದೆ. ಅಲ್ಲಿ 2012ರಲ್ಲಿ ಶುರುವಾದ ಕಾಮಿಕ್ಸ್ ಪ್ರಿಯರ ಮೇಳ ಕಾಮಿಕ್ ಕಾನ್‌ಗೆ ಅದೇ ನಿಲುವಂಗಿ ತೊಟ್ಟು ಹೋಗುತ್ತಾನೆ, ಬಾಗಿಲಲ್ಲೇ ಅಂಥದೇ ನಿಲುವಂಗಿಯ ದಂಡು ಸಿಗುತ್ತದೆ. ಸಂತೋಷ ಅರ್ಧ ಗಂಟೆ ಉಳಿಯುತ್ತದೆ. ಬಳಿಕ ಇವರಲ್ಲಿ ಎಷ್ಟು ಜನ ‘ಡೀಮನ್ ಸ್ಲೇಯರ್’ ನೋಡಿ ನಿನ್ನೆ ಮೊನ್ನೆ ಬಂದವರು, ಎಷ್ಟು ಜನ ಮೂಲ ಕಥೆಯಲ್ಲಿಲ್ಲದ ಫಿಲ್ಲರ್ ಕಂತುಗಳನ್ನು ಹಾರಿಸಿ ನೋಡಿದವರು ಎಂಬ ತನಿಖೆ ಆರಂಭ. ಸಿಕ್ಕಿಬಿದ್ದವನು ಹೆಚ್ಚಾಗಿ ಪುತ್ತೂರಿನವನೋ ಬೆಳ್ತಂಗಡಿಯವನೋ ಆಗಿರುತ್ತಾನೆ. ವಿಚಾರಣೆ ಅಲ್ಲಿಂದ ತುಳುವಿನಲ್ಲಿ ಮುಂದುವರಿಯುತ್ತದೆ.